ಸಾಕಮ್ಮನ ಕೈಗುಣ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಸಾಕಮ್ಮ ಎಂದು. ಇಪ್ಪತ್ತಾರು ವರ್ಷ ಪುಟ್ಟ ಪುಟ್ಟ ತಟ್ಟೆಗಳಲ್ಲಿ ಜೀವಕೋಶಗಳನ್ನು ಸಾಕಿದ್ದಕ್ಕೆ ಬಂದ ಹೆಸರದು. "ಹಾಕಿದ್ದು ಸಾಕಮ್ಮಾ!" ಎಂದು ಪ್ರೊಫೆಸರು ದಿನಕ್ಕೆ ನಾಲ್ಕು ಸಲ ಕೂಗುತ್ತಿದ್ದುದಕ್ಕೂ ಇರಬಹುದು. ಅವಳ ಕೈಯಲ್ಲಿ ಇದುವರೆಗೆ ಒಂದು ತಟ್ಟೆಯೂ ಸತ್ತಿರಲಿಲ್ಲ. ರಜಾದಿನವೂ ಬಂದು, ಬೆಚ್ಚನೆಯ ಇನ್‌ಕ್ಯುಬೇಟರಿನ ಬಾಗಿಲು ತೆಗೆದು ಕುಶಲ ವಿಚಾರಿಸಿ ಹೋಗುವವಳು.

"ನಾನೂ ಆ ಪೆಟ್ಟಿಗೆಯೊಳಗೇ ಕೂತ್ಕೊಳ್ತೀನಿ ಕಣೆ, ಹೊತ್ತುಹೊತ್ತಿಗೆ ಊಟನಾದ್ರೂ ಸಿಗುತ್ತೆ," ಎನ್ನುತ್ತಿದ್ದ ಗಂಡ.

"ಅದರೊಳಗೆ ಬೆಳೆದೋರನ್ನ ಮೂರು ದಿನಕ್ಕೊಂದ್ಸಲ ಎರಡು ಪಾಲು ಮಾಡ್ತೀವಿ ರೀ. ಪರವಾಗಿಲ್ವಾ?"

ನಿವೃತ್ತಿಗೆ ಒಂದು ತಿಂಗಳಿರುವಾಗ ಬಿಳಿ ರಕ್ತಕಣಗಳ ಪ್ರಯೋಗ ಬಂತು. ರೋಗ ನುಗ್ಗಿದಾಗ ಈ ಕಾವಲು ಕಣಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ದಂಡು ಕಟ್ಟಬೇಕು. ಎರಡಾಗುವ ಮುನ್ನ ಪ್ರತಿ ಕಣವೂ ನಾಲ್ಕೇ ಅಕ್ಷರಗಳಲ್ಲಿ ಬರೆದ ತನ್ನ ಡಿಎನ್‌ಎ ಗ್ರಂಥವನ್ನು ಪೂರ್ತಿ ನಕಲು ಮಾಡಬೇಕು. ಆ ಅಕ್ಷರಗಳಲ್ಲೊಂದನ್ನು ತಯಾರಿಸಿಕೊಡುವುದು ಒಂದು ಕಿಣ್ವ. ಅದನ್ನು ಔಷಧದಿಂದ ಕಟ್ಟಿಹಾಕಿದರೆ ಅಕ್ಷರವಿಲ್ಲ, ನಕಲಿಲ್ಲ, ದಂಡೂ ಇಲ್ಲ ಎಂಬುದು ಪ್ರೊಫೆಸರರ ವಾದ.

ಕಟ್ಟಿಹಾಕಿದರು. ಕಣಗಳು ಇಲಿ ಮರಿ ಹಾಕಿದಂತೆ ಹೆಚ್ಚಿದವು.

ಪ್ರೊಫೆಸರು ಎರಡು ದಿನ ತಲೆಯ ಮೇಲೆ ಕೈ ಹೊತ್ತು ಕೂತರು. ಮೂರನೆಯ ದಿನ, ಆ ಕಿಣ್ವ ಬೇಕಾಗಿಯೇ ಇಲ್ಲ ಎಂದು ಪ್ರಬಂಧ ಬರೆಯತೊಡಗಿದರು. ವಾದ ಮುಖ್ಯ, ಯಾವುದಾದರೇನು?

ಸಾಕಮ್ಮ ಬಾಗಿಲಲ್ಲಿ ಬಂದು ನಿಂತಳು. "ಸರ್, ಪಾಪ, ತುಂಬಾ ಸೊರಗಿದ್ವು. ಫ್ರಿಜ್ಜಲ್ಲಿ ಆ ಅಕ್ಷರದ್ದೇ ಸಿದ್ಧ ಪುಡಿ ಇತ್ತಲ್ಲ, ಕರಗಿಸಿ ಚೂರೇ ಚೂರು ಹಾಕ್ದೆ."

"ಎಷ್ಟು ತಟ್ಟೆಗೆ?"

"ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಡೋಕಾಗುತ್ತಾ ಸರ್? ಎಂಟಕ್ಕೂ."

ಪ್ರೊಫೆಸರು ಬರೆದ ಹಾಳೆ ಹರಿದರು. ಆಮೇಲೆ ಮುಖ ಅರಳಿತು. ಸಿದ್ಧ ಅಕ್ಷರ ಕೊಟ್ಟೊಡನೆ ಕಣಗಳು ಚೇತರಿಸಿಕೊಂಡವು ಎಂದರೆ, ಕೊರತೆಯಿದ್ದದ್ದು ಅದರದ್ದೇ ಅಲ್ಲವೇ?

"ಮತ್ತೆ ಮಾಡೋಣ. ನಾಲ್ಕಕ್ಕೆ ಹಾಕಿ, ನಾಲ್ಕಕ್ಕೆ ಹಾಕ್ಬೇಡಿ."

"ಹಾಕದೇ ಇರೋ ನಾಲ್ಕನ್ನ ಬೇರೆ ಯಾರಾದ್ರೂ ನೋಡ್ಕೊಳ್ಲಿ ಸರ್. ಹೋಗೋ ಕಾಲದಲ್ಲಿ ನನ್ನ ಕೈಗೆ ಕೆಟ್ಟ ಹೆಸರು ಬೇಡ."

"ಬೇರೆಯವರ ಕೈಲಿ ಸತ್ರೆ ಸಾಕೋಕೆ ಬರ್ಲಿಲ್ಲ ಅಂತಾರೆ ಅಮ್ಮಾ. ನಿಮ್ಮ ಕೈಲಿ ಸತ್ರೆ ಮಾತ್ರ ಕಿಣ್ವದ ಮಾತು ನಂಬ್ತಾರೆ."

ಇದು ಹೊಗಳಿಕೆಯೋ ಶಿಕ್ಷೆಯೋ ಅವಳಿಗೆ ತಿಳಿಯಲಿಲ್ಲ. ಅಕ್ಷರಶಃ ಉಪವಾಸ ಬಿದ್ದ ಆ ನಾಲ್ಕು ತಟ್ಟೆಗಳನ್ನು ಹಿಂದಿನ ಸಾಲಿನಲ್ಲಿಟ್ಟು, ಮುಖ ಕೊಟ್ಟು ನೋಡದೆ ದಿನ ದೂಡಿದಳು. ಐದನೆಯ ದಿನ ಸೂಕ್ಷ್ಮದರ್ಶಕದಡಿ ಎಣಿಸಿದಳು. ಪುಡಿ ಕಂಡ ನಾಲ್ಕರಲ್ಲಿ ಎಣಿಸಿ ಮುಗಿಯದಷ್ಟು ಕಣಗಳು. ಕಾಣದ ನಾಲ್ಕರಲ್ಲಿ ಅಲ್ಲೊಂದು ಇಲ್ಲೊಂದು.

"ಎಷ್ಟು ಸೊಗಸಾಗಿ ಸತ್ತಿವೆ!" ಎಂದು ಪ್ರೊಫೆಸರು ಅವಳ ಕೈ ಕುಲುಕಿದರು. ಇಪ್ಪತ್ತಾರು ವರ್ಷ ಬದುಕಿಸಿದ್ದಕ್ಕೆ ಯಾರೂ ಕುಲುಕಿರಲಿಲ್ಲ.

ಸಾಕಮ್ಮ ನೋಟ್‌ಬುಕ್ಕಿನಲ್ಲಿ ಸಂಖ್ಯೆಗಳನ್ನು ಬರೆದಳು. ಪಕ್ಕದ ಷರಾ ಅಂಕಣದಲ್ಲಿ, ಯಾರೂ ಕೇಳದಿದ್ದರೂ, ದುಂಡಗೆ ಸೇರಿಸಿದಳು: "ಹಾಕಬೇಡಿ ಎಂದವರು ಪ್ರೊಫೆಸರು."