ಖಾಲಿ ಮಿಕ್ಸರ್‌ನ ಸದ್ದು

ಖಾಲಿ ಮಿಕ್ಸರ್ ತಿರುಗುವ ಸದ್ದು ನಿಮಗೆ ಗೊತ್ತೇ? ನನಗೆ ಗೊತ್ತು. ಇಪ್ಪತ್ತು ವರ್ಷ ಶೇಂಗಾ ಚಟ್ನಿ ಪುಡಿ ಮಾಡಿದವಳು ನಾನು. ಜಾರಿನಲ್ಲಿ ಏನಾದರೂ ಇದ್ದರೆ ಸದ್ದು ದಪ್ಪ. ಇಲ್ಲದಿದ್ದರೆ ಕೀರಲು.

ಗೋಕಾಕದ ಒಂದು ಹೆಲ್ಪ್‌ಲೈನ್‌ನಲ್ಲಿ ವಾರಕ್ಕೆರಡು ದಿನ ಫೋನ್ ಎತ್ತುತ್ತೇನೆ. ಮನಸ್ಸು ಭಾರವಾದವರು ಮಾಡುವ ಫೋನು. ಊರು ಕೇಳಬಾರದು. ನಾವಾಗಿ ತಿರುಗಿ ಮಾಡುವಂತಿಲ್ಲ, ನಂಬರೇ ನಮಗೆ ಕಾಣುವುದಿಲ್ಲ.

ಕಳೆದ ತಿಂಗಳು ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬ ಹೆಣ್ಣುಮಗಳ ಫೋನು. ಹಿಂದೆ ಮಿಕ್ಸರ್. ಖಾಲಿ.

"ಅತ್ತಿಯಾರಿಗೆ ಕೇಳಿಸಬಾರ್ದಂತ ಹಚ್ಚೀನ್ರಿ ಅಕ್ಕಾರ. ಜೀವಾನ ಬ್ಯಾಡಾಗೇತಿ."

ಐದು ತಿಂಗಳ ಬಸಿರು ಹೋಗಿತ್ತಂತೆ. ಮನೆಯಲ್ಲಿ ಯಾರೂ ಆ ಮಾತೇ ಎತ್ತುವುದಿಲ್ಲ. ಅತ್ತರೆ, "ಮತ್ತೊಂದು ಆಗತೈತಿ ಬಿಡು." ಮಾತಿನ ನಡುವೆ "ನಮ್ಮ ಹುಕ್ಕೇರಿ ಕಡೆ" ಎಂದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ?

"ಹೌದಾ? ಯಾವ ಊರ್ರಿ? ನಮ್ಮ ನೆಗೆಣ್ಣಿ ಯಮಕನಮರಡಿಯಾಕಿ!"

ಫೋನ್ ಕಟ್.

ಚಿಕ್ಕವಳಿದ್ದಾಗ ಕಾನ್ವೆಂಟಿನ ಸಿಸ್ಟರ್ ಕಲಿಸಿದ ಮ್ಯಾನರ್ಸ್ ಎಲ್ಲಿ ಹೋಯಿತೋ! (ನಮ್ಮಲ್ಲಿ ಊರು ಕೇಳದಿದ್ದರೆ ಸೊಕ್ಕು ಅನ್ನುತ್ತಾರೆ. ಆದರೆ ಊರು ಗೊತ್ತಾದ ಮೇಲೆ ಮನೆ ಗೊತ್ತಾಗಲು ಎಷ್ಟು ಹೊತ್ತು?)

ನಮಗೆ ಟ್ರೇನಿಂಗ್ ಕೊಟ್ಟ ಸುಜಾತಾ ಮೇಡಂ ಪಕ್ಕದ ಕುರ್ಚಿಯಿಂದ ಕನ್ನಡಕದ ಮೇಲೆ ನೋಡಿದರು. "ಏನ್ರೀ ಬಾಯಾರ, ಬೀಗತನ ಮಾಡಾಕ ಕುಂತೀರೇನು?"

ನಗು ಬರಲಿಲ್ಲ.

ಎಂಟು ದಿನ ಮಿಕ್ಸರ್ ಹಚ್ಚಲು ಕೈ ಬರಲಿಲ್ಲ. ಚಟ್ನಿ ಕಲ್ಲಿನಲ್ಲೇ ಕುಟ್ಟಿದೆ. "ಭಾರಿ ಆಗೇತಿ" ಎಂದರು ಯಜಮಾನರು. ಪೇಪರಿನ ಲೋಕಲ್ ಪುಟ ತಿರುವಲು ನಾನೆಷ್ಟು ಹೆದರುತ್ತಿದ್ದೆ ಎಂದು ಅವರಿಗೇನು ಗೊತ್ತು?

ಮರುವಾರ ಅದೇ ಹೊತ್ತು. ಅದೇ ಕೀರಲು ಸದ್ದು.

"ಆವತ್ತ ಊರು ಕೇಳಿದವ್ರು ನೀವ ಹೌದಲ್ರೀ?"

"ಹೌದ್ರೀ. ತಪ್ಪಾತು."

"ಇರ್ಲಿ. ಊರು ಬಿಟ್ಟು ಬ್ಯಾರೆ ಏನರ ಕೇಳ್ರಿ."

ನಾನು ಕೇಳಿದೆ. "ಕೂಸಿಗೆ ಏನಂತ ಹೆಸರಿಡಬೇಕಂತ ಮಾಡಿದ್ರಿ?"

ಮಿಕ್ಸರ್ ನಿಂತಿತು.

ಹೆಸರು ಹೇಳಿದಳು. ಕೂಸಿನ ತಲೆಗೆಂದು ಹೊಲಿದಿಟ್ಟ ಕುಲಾವಿಯ ಬಣ್ಣ ಹೇಳಿದಳು. ಮುಕ್ಕಾಲು ಗಂಟೆ ಮಾತಾಡಿದಳು. ಜೀವ ಬೇಡವೆಂದಿದ್ದ ಮಾತನ್ನು ನಾನೂ ನೇರವಾಗಿಯೇ ಕೇಳಿದೆ. ಡಾಕ್ಟರ ಹತ್ತಿರ ಹೋಗಲು ಒಪ್ಪಿದಳು. ಹೋಗಿ ಬಂದ ಮೇಲೆ ಮತ್ತೆ ಫೋನ್ ಮಾಡಿದಾಗ, ಇದನ್ನು ಬರೆಯಲೇ ಎಂದೆ.

"ಬರೀರಿ. ಊರು ಮಾತ್ರ ಬ್ಯಾಡ."

ಊರು ಬರೆದಿಲ್ಲ; ಮೇಲಿನ ಹುಕ್ಕೇರಿ, ಯಮಕನಮರಡಿ ಎರಡೂ ಬದಲಿಸಿದ ಹೆಸರು. ಆದರೆ ಈಗ ನಿಮ್ಮ ಅಡುಗೆಮನೆಯಲ್ಲಿ ತಿರುಗುತ್ತಿರುವ ಮಿಕ್ಸರ್‌ನಲ್ಲಿ ಏನಾದರೂ ಇದೆಯೇ, ಎದ್ದು ನೋಡಿದ್ದೀರಾ?