ರಾಘುವಿನ ಕೊಕ್ಕು, ನನ್ನ ಹೊಟ್ಟೆಕಿಚ್ಚು

ಏಕಾದಶಿ ಭಜನೆಗೆ ಸೇರುವ ಅಕ್ಕತಂಗಿಯರಿಗೆ ಭಾವಿಕೇರಿಯಿಂದ ನಿಮ್ಮವಳೇ ಒಬ್ಬಳು ಬರೆಯುವುದು. ಕಳೆದ ಕಾರ್ತಿಕದಲ್ಲಿ ನಮ್ಮ ಮನೆಯ ಗಿಳಿ ರಾಘು ಹಸಿದು ಸಾಯುವುದರಲ್ಲಿತ್ತು. ಅದರ ಮುಂದೆ ಅನ್ನವಿತ್ತು, ಹಾಲಿತ್ತು, ಬಾಳೆಹಣ್ಣಿತ್ತು, ತಿನ್ನಲು ಮಾತ್ರ ಆಗುತ್ತಿರಲಿಲ್ಲ. ಮೇಲಿನ ಕೊಕ್ಕು ಹುಲ್ಲು ಕೊಯ್ಯುವ ಕತ್ತಿಯ ಹಾಗೆ ಬಗ್ಗಿ ಬೆಳೆದು ಎದೆಯ ಪುಕ್ಕಕ್ಕೆ ತಾಗುತ್ತಿತ್ತು. ವಿಠೋಬ ಅದನ್ನು ಉಳಿಸಿಕೊಟ್ಟ. ಹೇಗೆ ಉಳಿಸಿದ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಮುಚ್ಚಿಟ್ಟರೆ ನನ್ನ ಮಾನ ಉಳಿದೀತು, ಆದರೆ ದೇವರ ಉಪಕಾರವನ್ನು ಅರ್ಧ ನುಂಗಿದ ಹಾಗಾಗುತ್ತದೆ.

ನನಗೆ ಮದುವೆಯಾಗಿ ಹದಿನಾಲ್ಕು ವರ್ಷ. ಮಕ್ಕಳಾಗಲಿಲ್ಲ. ಉಪ್ಪಿನ ಚಳವಳಿಯ ವರ್ಷ ನಮ್ಮ ಯಜಮಾನರು ಅರ್ಗಾದ ಗುಡ್ಡದಲ್ಲಿ ಬಿದ್ದ ಮರದ ಪೊಟರೆಯಿಂದ ಒಂದು ಗಿಳಿಮರಿಯನ್ನು ಪಂಚೆಯಲ್ಲಿ ಸುತ್ತಿ ತಂದರು. ಮೈಮೇಲೆ ಪುಕ್ಕವೇ ಇರಲಿಲ್ಲ. ಬೆರಳ ತುದಿಯಲ್ಲಿ ಗಂಜಿ ತಿನ್ನಿಸಿ ನಾನು ಸಾಕಿದೆ. ಎರಡು ಮಾತು ಕಲಿಸಿದೆ. ಒಂದು ‘ವಿಠ್ಠಲ’, ಇನ್ನೊಂದು ‘ಅಬ್ಬೆ’. ತಾಯಿಯನ್ನು ನಾವು ಕರೆಯುವುದೇ ಹಾಗೆ. ಮೊದಲ ಸಲ ಅದು ನನ್ನ ಮುಖ ನೋಡಿ ‘ಅಬ್ಬೆ’ ಎಂದ ದಿನ ನಾನು ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ.

ಹೋದ ವರ್ಷ ಮೈದುನ ಮುಂಬಯಿಯ ಗಿರಣಿ ಸೇರಿದ. ಅವನ ಹೆಂಡತಿ ಗಿರಿಜೆ ಎರಡು ವರ್ಷದ ಮಗಳನ್ನು ಎತ್ತಿಕೊಂಡು ನಮ್ಮ ಜೊತೆ ಇರಲು ಬಂದಳು. ಅವಳ ತವರು ಕೇಣಿ. ಕೆಲಸಗಾತಿ, ಮಾತು ಕಡಿಮೆ, ಯಾರೂ ಹೆಸರಿಡುವಂಥವಳಲ್ಲ. ಅದೇ ನನಗೆ ಆಗದಿದ್ದದ್ದು. ಆ ಮಗು ದಿನವಿಡೀ ಅವಳ ಸೆರಗು ಹಿಡಿದು ‘ಅಬ್ಬೆ, ಅಬ್ಬೆ’ ಎನ್ನುತ್ತಿತ್ತು. ರಾಘು ಕೇಳಿಸಿಕೊಂಡಿತು. ತಿಂಗಳು ಕಳೆಯುವುದರೊಳಗೆ ಗಿರಿಜೆಯ ಬಳೆಯ ಸದ್ದಾದರೆ ಸಾಕು, ಪಂಜರದ ಕಂಬಿಗೆ ಜೋತುಬಿದ್ದು ‘ಅಬ್ಬೆ’ ಎಂದು ಕೂಗತೊಡಗಿತು. ನಾನು ಹೋದರೆ ‘ವಿಠ್ಠಲ’ ಎನ್ನುತ್ತಿತ್ತು. ದೇವರ ಹೆಸರು ಕೇಳಿ ಮುಖ ಸಿಂಡರಿಸಿಕೊಂಡ ಭಕ್ತೆ ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಹೊಟ್ಟೆಕಿಚ್ಚು ಎಂದರೆ ಏನೆಂದು ಆಗ ನನಗೆ ತಿಳಿಯಿತು. ಒಲೆಯ ಮುಂದೆ ಕೂತಿದ್ದರೂ ಕಿವಿ ಪಂಜರದ ಕಡೆಗೇ ಇರುತ್ತಿತ್ತು. ಅವಳು ಎಷ್ಟು ಹೊತ್ತು ಅದರ ಹತ್ತಿರ ನಿಂತಳು, ಏನು ಕೊಟ್ಟಳು, ಅದು ಎಷ್ಟು ಸಲ ಕರೆಯಿತು ಎಂದು ಲೆಕ್ಕ ಇಡುತ್ತಿದ್ದೆ. ಅವಳಿಗೆ ಹೆತ್ತ ಮಗಳಿದ್ದಾಳೆ, ನನ್ನ ಹಕ್ಕಿಯೂ ಬೇಕೆ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಗಿರಿಜೆ ತವರಿನಿಂದ ಬರುವಾಗ ಒಂದು ಬಿಳಿಯ ಎಲುಬು ತಂದಿದ್ದಳು. ಮಾಣಕಿ ಮೀನಿನ ಬೆನ್ನೊಳಗಿನ ಎಲುಬು ಅದು, ಅಂಗೈಯಗಲ, ಹತ್ತಿಯಷ್ಟು ಹಗುರ. ಕೇಣಿಯ ದಂಡೆಯಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ಪಂಜರಕ್ಕೆ ಕಟ್ಟಿದರೆ ಗಿಳಿಗೆ ಒಳ್ಳೆಯದು ಎಂದು ಕಟ್ಟಿದಳು. ರಾಘು ಅದನ್ನು ಕೆರೆಯುತ್ತ, ಅಗಿಯುತ್ತ ಗಂಟೆಗಟ್ಟಲೆ ಕಳೆಯುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು.

ನೆಪ ಸಿಗುವುದಕ್ಕೆ ತಡವಾಗಲಿಲ್ಲ. ಆ ಆಷಾಢದಲ್ಲಿ ಪಂಢರಪುರಕ್ಕೆ ಹೋಗಿಬಂದವರ ಕೈಯಿಂದ ನಾನು ತುಳಸಿಮಾಲೆ ಹಾಕಿಸಿಕೊಂಡೆ. ಮಾಲೆ ಹಾಕಿಸಿಕೊಂಡವರು ಮೀನು ಮುಟ್ಟುವಂತಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ನಾನು ಬಿಟ್ಟೆ. ಅಷ್ಟಕ್ಕೆ ನಿಲ್ಲಲಿಲ್ಲ. ವಿಠ್ಠಲನ ಹೆಸರು ಹೇಳುವ ಹಕ್ಕಿಯ ಬಾಯಿಗೆ ಮೀನಿನ ಎಲುಬು ಹೇಗೆ ಸರಿ ಎಂದು ಪಂಜರಕ್ಕೂ ಒಂದು ತುಳಸಿ ಮಣಿ ಕಟ್ಟಿದೆ. ಗಿರಿಜೆ ಗದ್ದೆಗೆ ಹೋದಾಗ ಎಲುಬನ್ನು ಬಿಚ್ಚಿ ಗೊಬ್ಬರದ ಗುಂಡಿಗೆ ಎಸೆದೆ. ಹಕ್ಕಿ ಕೂರಲೆಂದು ಅವಳು ಇಟ್ಟ ಗೇರುಕೊಂಬೆ ತೆಗೆದು ನುಣ್ಣನೆಯ ಹಿತ್ತಾಳೆ ಸರಳು ಹಾಕಿಸಿದೆ. ಭತ್ತದ ತೆನೆ ಕೊಡುವುದನ್ನು ನಿಲ್ಲಿಸಿ, ಹಾಲು ಕಲಸಿದ ಅನ್ನ, ತುಪ್ಪ ಹಚ್ಚಿದ ಬಾಳೆಹಣ್ಣು, ಬೆಲ್ಲದ ಪಂಚಕಜ್ಜಾಯ ಕೊಡತೊಡಗಿದೆ. ಊರವರು ಭಕ್ತಿ ಎಂದರು. ನಾನೂ ಹಾಗೇ ನಂಬಿಕೊಂಡೆ. ನಿಜ ಹೇಳಬೇಕೆಂದರೆ ಸಿಹಿ ತಿನ್ನಿಸಿ ಅದರ ಬಾಯಿಂದ ಆ ಒಂದು ಮಾತನ್ನು ವಾಪಸು ಪಡೆಯುವ ಹಂಚಿಕೆ ಅದು.

ಎಲುಬು ಎಲ್ಲಿ ಎಂದು ಗಿರಿಜೆ ಕೇಳಲಿಲ್ಲ.

ನವರಾತ್ರಿಯ ಹೊತ್ತಿಗೆ ಕೊಕ್ಕು ಉದ್ದವಾದದ್ದು ಕಣ್ಣಿಗೆ ಬಿತ್ತು. ದೀಪಾವಳಿಗೆ ಅದು ಬಾಗಿ ಕೆಳಗಿನ ಕೊಕ್ಕನ್ನು ದಾಟಿತ್ತು. ಬಾಳೆಹಣ್ಣನ್ನೂ ಮೆತ್ತಿಕೊಳ್ಳುತ್ತಿತ್ತೇ ಹೊರತು ನುಂಗಲಾಗುತ್ತಿರಲಿಲ್ಲ. ಅದರ ಹತ್ತಿರ ಗಿರಿಜೆ ಚಿಂತೆಯಿಂದ ನಿಂತಿದ್ದನ್ನು ಕಂಡು ನನಗೆ ಭಯವಾಯಿತು. ಹಕ್ಕಿ ಸತ್ತೀತು ಎಂಬ ಭಯಕ್ಕಿಂತ, ಅವಳು ಏನಾದರೂ ಮಾಡಿ ಉಳಿಸಿಬಿಟ್ಟಾಳು ಎಂಬ ಭಯವೇ ಹೆಚ್ಚಾಗಿತ್ತು. ಮರುದಿನ ಅವಳು ಬಾವಿಗೆ ಹೋದಾಗ ಅಡಕೊತ್ತು ತೆಗೆದುಕೊಂಡು ಕೊಕ್ಕಿನ ತುದಿ ಕತ್ತರಿಸಲು ಹೋದೆ. ಕಟಕ್ಕೆಂದು ಸೀಳಿತು, ರಕ್ತ ಬಂತು. ಕೊಕ್ಕಿನೊಳಗೆ ರಕ್ತ ಇರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅರಿಶಿನ ಒತ್ತಿ ಹಿಡಿದೆ. ನಿಂತಿತು. ಆದರೆ ಆ ಹೊತ್ತಿನಿಂದ ರಾಘು ಕೂಗುವುದನ್ನೇ ಬಿಟ್ಟಿತು. ಯಾರನ್ನೂ ಏನೆಂದೂ ಕರೆಯಲಿಲ್ಲ.

ಎರಡು ದಿನ ಅದು ಕಣ್ಣು ಮುಚ್ಚಿ ಸರಳಿನ ಮೇಲೆ ಮುದುಡಿಕೊಂಡಿತ್ತು. ನಾನು ತುಳಸಿಕಟ್ಟೆಯ ಮುಂದೆ ಕೂತು ಪ್ರಾರ್ಥನೆ ಮಾಡಿದೆ. ಆ ಪ್ರಾರ್ಥನೆಯನ್ನು ಇದ್ದ ಹಾಗೇ ಬರೆಯುತ್ತೇನೆ, ನಗಬೇಡಿ. ವಿಠೋಬಾ, ಅದನ್ನು ಉಳಿಸು. ಆದರೆ ಅವಳ ಕೈಯಿಂದ ಉಳಿಸಬೇಡ.

ಕಾರವಾರದ ದನದ ದವಾಖಾನೆಗೆ ಒಯ್ಯೋಣ ಎಂದು ಯಜಮಾನರು ಹೇಳಿದರು. ಗಿರಿಜೆಯೂ ಬರಲಿ, ಅವಳ ಕೈಯಲ್ಲಿ ಹಕ್ಕಿ ಸುಮ್ಮನಿರುತ್ತದೆ ಎಂದೂ ಹೇಳಿದರು. ನನ್ನ ಪ್ರಾರ್ಥನೆಯ ಎರಡನೆಯ ಭಾಗ ಆಗಲೇ ಕೆಟ್ಟಿತು. ಮಗುವನ್ನು ಮನೆಯಲ್ಲಿದ್ದ ನಮ್ಮ ಅತ್ತೆಯ ಹತ್ತಿರ ಬಿಟ್ಟು, ಬೆಳಿಗ್ಗೆ ಅಂಕೋಲೆಯವರೆಗೆ ನಡೆದು, ಮೋಟಾರು ಹಿಡಿದೆವು. ಪಂಜರವನ್ನು ನಾನು ಯಾರಿಗೂ ಕೊಡಲಿಲ್ಲ. ಅರ್ಗಾ ದಾಟುವಾಗ ತೊಡೆ ಜೋಮು ಹಿಡಿದಿತ್ತು. ಸ್ವಲ್ಪ ಹೊತ್ತು ತಾನು ಹಿಡಿಯಲೇ ಎಂದು ಗಿರಿಜೆ ಕೇಳಿದಳು. ಬೇಡ ಎಂದೆ.

ದವಾಖಾನೆಯ ಡಾಕ್ಟರು ಹಳಿಯಾಳದ ಕಡೆ ಊರೂರು ತಿರುಗುವ ಫಿರ್ತಿಗೆ ಹೋಗಿದ್ದರು, ಬರುವುದು ನಾಲ್ಕು ದಿನಕ್ಕೆ. ಹಕ್ಕಿಗೆ ನಾಲ್ಕು ದಿನ ಇರಲಿಲ್ಲ. ನಾವು ಹೊರಗಿನ ಕಟ್ಟೆಯ ಮೇಲೆ ಕೂತೆವು. ಅಲ್ಲಿಯ ಕಂಪೌಂಡರು ಪಂಜರದೊಳಗೆ ಬಗ್ಗಿ ನೋಡಿದರು, ಆಮೇಲೆ ನಮ್ಮಿಬ್ಬರ ಮೂಗುಬೊಟ್ಟು ನೋಡಿದರು. ಬಜಾರಿನಲ್ಲಿ ಚಿನ್ನದ ಕೆಲಸದ ಒಬ್ಬ ಮುದುಕ ಶೇಟರಿದ್ದಾರೆ, ಬಿಗಿಯಾಗಿ ಕೂತ ಮೂಗುಬೊಟ್ಟನ್ನು ಮೂಗಿನಲ್ಲಿರುವಾಗಲೇ ಅರ ಹಾಕಿ ಬಿಡಿಸುತ್ತಾರೆ, ಚರ್ಮಕ್ಕೆ ಒಂದು ಗೀರು ಬೀಳುವುದಿಲ್ಲ, ಅವರನ್ನು ಕೇಳಿ ನೋಡಿ ಎಂದರು. ಗಿಳಿಯನ್ನು ಅಕ್ಕಸಾಲಿಗನ ಹತ್ತಿರ ಒಯ್ಯುವುದೇ ಎಂದು ಯಜಮಾನರು ಅನುಮಾನಿಸಿದರು. ಗಿರಿಜೆ ಆಗಲೇ ಎದ್ದು ನಿಂತಿದ್ದಳು.

ಶೇಟರು ಹಕ್ಕಿಯನ್ನು ಕಂಡು ಆಶ್ಚರ್ಯಪಡಲಿಲ್ಲ. ಹಿಡಿದುಕೊಳ್ಳುವವರು ಯಾರು ಎಂದಷ್ಟೇ ಕೇಳಿದರು. ನಾನು ಎಂದು ಮುಂದೆ ಹೋದೆ. ಕೈ ಹಾಕಿದ ಕೂಡಲೆ ರಾಘು ಆ ಸೊಟ್ಟ ಕೊಕ್ಕಿನಿಂದಲೇ ನನ್ನ ಹೆಬ್ಬೆರಳನ್ನು ಗೀರಿಬಿಟ್ಟಿತು. ಅಡಕೊತ್ತನ್ನು ಅದು ಮರೆತಿರಲಿಲ್ಲ. ಗಿರಿಜೆ ಸೆರಗಿನ ತುದಿಯಲ್ಲಿ ಅದನ್ನು ಸುತ್ತಿ ಎದೆಗೊತ್ತಿಕೊಂಡಳು. ಹಕ್ಕಿ ಮಿಸುಕಲಿಲ್ಲ. ಅದನ್ನು ನೋಡುತ್ತ ನಿಂತದ್ದು ಬೆರಳ ಗಾಯಕ್ಕಿಂತ ಹೆಚ್ಚು ಉರಿಯಿತು.

ಶೇಟರು ಅವಳನ್ನು ಕಿಟಕಿಯ ಹತ್ತಿರ ಕೂರಿಸಿ ಕೊಕ್ಕನ್ನು ಬಿಸಿಲಿಗೆ ಹಿಡಿದರು. ನನ್ನನ್ನೂ ಕರೆದು ತೋರಿಸಿದರು.

“ಒಳಗೆ ರಕ್ತದ ಗೆರೆ ಕಾಣ್ತದಲ್ಲ ಅಮ್ಮಾ, ಅಲ್ಲೀವರೆಗೆ ಜೀವ ಅದೆ. ಅದರಿಂದ ಈಚೆಗೆ ಇದ್ದದ್ದು ಉಗುರಿದ್ದ ಹಾಗೆ. ಇಷ್ಟನ್ನೇ ತೆಗೆಯೂದು.”

ಸಣ್ಣ ಅರದಿಂದ ಎರಡೆಳೆತ ಎಳೆಯುವರು, ನಿಲ್ಲಿಸುವರು. ಕೊಕ್ಕು ಬಿಸಿಯಾಗಬಾರದೆಂದು ನೀರು ಮುಟ್ಟಿಸುವರು. ಹಕ್ಕಿ ಉಸಿರು ತೆಗೆದುಕೊಂಡ ಮೇಲೆ ಮತ್ತೆ ಎರಡೆಳೆತ. ನೀರಿನ ಬಟ್ಟಲು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಪುಡಿ ಉದುರುತ್ತಿತ್ತು, ರಕ್ತ ಒಂದು ತೊಟ್ಟೂ ಬರಲಿಲ್ಲ. ನಾನು ಅಡಕೊತ್ತಿನಿಂದ ಸೀಳಿದ್ದ ಜಾಗವನ್ನು ಬಹಳ ಹೊತ್ತು ಸವರಿ ನುಣುಪು ಮಾಡಿದರು. ಎಲ್ಲವನ್ನೂ ಒಂದೇ ದಿನ ತೆಗೆಯಬಾರದು, ತಿಂಗಳಿಗೊಮ್ಮೆ ತನ್ನಿ, ಮೂರು ಸಲಕ್ಕೆ ಸರಿಯಾಗುತ್ತದೆ ಎಂದರು.

ಗಿರಿಜೆ ಕೈ ಸಡಿಲಿಸಿದಳು. ರಾಘು ಅವಳ ಮಡಿಲಿನಿಂದ ಇಳಿದು ಶೇಟರ ಸಾಮಾನಿನ ಪೆಟ್ಟಿಗೆಯ ಕಡೆಗೆ ಓಲಾಡುತ್ತ ನಡೆಯಿತು. ಅಲ್ಲಿ ಚಿಮಟ, ಸುತ್ತಿಗೆಗಳ ನಡುವೆ ಒಂದು ಬಿಳಿಯ ತುಂಡು ಇತ್ತು. ಮಾಣಕಿಯ ಎಲುಬು. ಬಂಗಾರ ತಿಕ್ಕಲು, ಅಚ್ಚು ತೆಗೆಯಲು ಅಕ್ಕಸಾಲಿಗರು ಅದನ್ನು ಇಟ್ಟುಕೊಂಡಿರುತ್ತಾರಂತೆ. ಎರಡು ದಿನದಿಂದ ಮುದುಡಿ ಕೂತಿದ್ದ ಹಕ್ಕಿ ಅದರ ಮೇಲೆ ಕಾಲಿಟ್ಟು, ಹೊಸ ಕೊಕ್ಕಿನಿಂದ ಕರಕರ ಕೆರೆಯತೊಡಗಿತು.

ನಾನು ಯಾವುದನ್ನು ದೇವರ ಹೆಸರಿನಲ್ಲಿ ಗುಂಡಿಗೆ ಎಸೆದಿದ್ದೆನೋ, ದೇವರು ಅದನ್ನೇ ಹುಡುಕಿ ಹಕ್ಕಿಯ ಕಾಲಡಿಗೆ ಇಟ್ಟಿದ್ದ.

ಇಂಥದೊಂದು ಮನೆಯಲ್ಲಿ ಇಟ್ಟಿರಲಿಲ್ಲವೇ, ಕಚ್ಚಲು ಕಟ್ಟಿಗೆ, ಭತ್ತ ಏನೂ ಕೊಡುತ್ತಿರಲಿಲ್ಲವೇ ಎಂದು ಶೇಟರು ವಿಚಾರಿಸಿದರು. ಮೆತ್ತಗಿನದನ್ನೇ ತಿಂದು, ತಿಕ್ಕಲು ಏನೂ ಸಿಗದೆ ಹೋದರೆ ಕೊಕ್ಕು ಹೀಗೇ ಬೆಳೆಯುತ್ತದೆ ಎಂದರು. ಈಗ ಗಿರಿಜೆ ಹೇಳುತ್ತಾಳೆ, ಯಜಮಾನರ ಎದುರು ನನ್ನ ಮಾನ ತೆಗೆಯುತ್ತಾಳೆ ಎಂದುಕೊಂಡೆ. ಇತ್ತು, ಎಲ್ಲೋ ಕಳೆದುಹೋಯಿತು ಎಂದಷ್ಟೇ ಅವಳು ಹೇಳಿದಳು. ಶೇಟರು ಪಂಜರದ ತುಳಸಿ ಮಣಿಯನ್ನು ನೋಡಿದರು, ನನ್ನ ಕೊರಳನ್ನೂ ನೋಡಿದರು.

“ಮಾಳೆ ನೀವು ಹಾಕಿದ್ದು. ಹಕ್ಕಿ ಹಾಕಿಲ್ಲ.” ಎಂದು ಎಲುಬಿನ ತುಂಡನ್ನು ನನ್ನ ಕೈಗೇ ಕೊಟ್ಟರು.

ವಾಪಸು ಬರುವಾಗ ಮೋಟಾರು ಹೊರಡುವುದು ತಡವಾಗಿತ್ತು. ಯಜಮಾನರು ಚಹಾ ಕುಡಿಯಲು ಇಳಿದರು. ನಾವಿಬ್ಬರೇ ಕೂತಿದ್ದೆವು. ನೆನೆದ ಭತ್ತವನ್ನು ಗಿರಿಜೆ ಒಂದೊಂದಾಗಿ ಕಂಬಿಯೊಳಗೆ ತೂರಿಸುತ್ತಿದ್ದಳು, ರಾಘು ಸಿಪ್ಪೆ ಬಿಡಿಸಿ ತಿನ್ನುತ್ತಿತ್ತು. ಎಲುಬನ್ನು ಎಸೆದವಳು ನಾನೇ ಎಂದು ಹೇಳಿಬಿಟ್ಟೆ. ಅಡಕೊತ್ತಿನ ವಿಷಯವನ್ನೂ ಹೇಳಿದೆ. ಅವಳು ಭತ್ತ ಕೊಡುವುದನ್ನು ನಿಲ್ಲಿಸಲಿಲ್ಲ.

“ಗುಂಡೀಲಿ ಬಿದ್ದದ್ದು ಆವತ್ತೇ ಕಂಡಿದ್ದೆ ಅಕ್ಕಾ. ಕೇಳಿದ್ರೆ ನಿಮಗೆ ಹಕ್ಕಿ ಮುಂದೆ ನಿಲ್ಲೂಕೂ ನಾಚ್ಕೆ ಆಗ್ತಿತ್ತು. ನಂಗೆ ಮಗಳಿದ್ದಾಳೆ, ನಿಮಗೆ ಇದೊಂದೇ ಅಲ್ವ. ಹೇಳದೆ ಇದ್ದದ್ದು ನಂದೂ ತಪ್ಪೇ. ಸತ್ತೇ ಹೋಗ್ತಿತ್ತಲ್ಲ.”

ನಾನು ಅತ್ತುಬಿಟ್ಟೆ. ಅಳುವಾಗಲೂ, ಅವಳ ಆ ಒಳ್ಳೆಯತನದ ಮೇಲೆ ಹೊಟ್ಟೆಕಿಚ್ಚಾಯಿತು ಎಂದರೆ ನೀವು ನಂಬುತ್ತೀರೋ ಇಲ್ಲವೋ. ನನಗೆ ಯಾಕೆ ಹಾಗಿರಲು ಬರುವುದಿಲ್ಲ ಎಂದು ಅನ್ನಿಸಿತು. ಆಮೇಲೆ ಪಂಜರವನ್ನು ಎತ್ತಿ ಅವಳ ತೊಡೆಯ ಮೇಲೆ ಇಟ್ಟೆ.

ಮೂರು ಸಲ ಕಾರವಾರಕ್ಕೆ ಹೋಗಿಬಂದೆವು. ಮೂರು ಸಲವೂ ಗಿರಿಜೆ ಹಿಡಿದುಕೊಂಡಳು, ನಾನು ನೀರಿನ ಬಟ್ಟಲು ಹಿಡಿದೆ. ಈಗ ರಾಘು ಗೇರುಕೊಂಬೆಯ ಮೇಲೆ ಕೂತು ತೆನೆ ಬಿಡಿಸುತ್ತದೆ. ಕೂಗುತ್ತದೆ, ಅವಳನ್ನೇ ಕೂಗುತ್ತದೆ. ಉಳಿಸು ಎಂದು ಕೇಳಿದ್ದೆ, ಉಳಿಸಿದ. ಅವಳ ಕೈ ಬೇಡ ಎಂದಿದ್ದೆ, ಅದನ್ನು ಆತ ಕಿವಿಗೇ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಇವತ್ತು ಮನೆಯಲ್ಲಿ ಬರಿಯ ಪಂಜರ ಇರುತ್ತಿತ್ತು. ಕೇಳಿದ್ದನ್ನೆಲ್ಲ ಕೊಡದ ದೇವರ ಮೇಲೆ ನನ್ನ ನಂಬಿಕೆ ಗಟ್ಟಿಯಾದದ್ದು ಹೀಗೆ.

ನನ್ನ ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ದಿನವೂ ಬೆಳಿಗ್ಗೆ ತುಳಸಿಗೆ ನೀರು ಹಾಕುವಾಗ ಗಿರಿಜೆಯನ್ನು ಚೆನ್ನಾಗಿಡು ಎಂದು ಮೊದಲು ಕೇಳಿಕೊಂಡು, ಆಮೇಲೆ ನನ್ನದನ್ನು ಹೇಳುತ್ತೇನೆ. ಕೆಲವು ದಿನ ಹಲ್ಲು ಕಚ್ಚಿಕೊಂಡು ಹೇಳುತ್ತೇನೆ. ಆದರೂ ಅವಳ ಹೆಸರನ್ನೇ ಮೊದಲು ಹೇಳುತ್ತೇನೆ.