ಮೂರನೆಯ ಕೂಗು

ಮಾರಯ್ಯನ ಗಂಟಲು ಎಂಥದ್ದು ಎಂದು ತಿಳಿಯಬೇಕಾದರೆ ನೆಲ್ಲಿಬೈಲಿನವರನ್ನೇ ಕೇಳಬೇಕು. ಮೂಡಿಗೆರೆ ಸೀಮೆಯಲ್ಲಿ, ಜಾವಳಿಯಿಂದ ಎರಡು ಗುಡ್ಡ ಹತ್ತಿ ಇಳಿದರೆ ಸಿಗುವ ಊರು ಅದು. ಸುತ್ತ ಬಿಳಿ ದೊರೆಗಳ ಕಾಫಿ ಎಸ್ಟೇಟು, ನಡುವೆ ಒಂದಿಷ್ಟು ಗದ್ದೆಬೈಲು, ಮೂವತ್ತು ಮನೆ. ಅಲ್ಲಿ ಮೂವತ್ತಾರು ವರ್ಷ ಸುಗ್ಗಿ ಸಾರಿದವನು ಮಾರಯ್ಯ. ಬಾಕಿ ದಿನ ಅವನನ್ನು ಕೇಳುವವರಿರಲಿಲ್ಲ. ಪಟೇಲ ಲಿಂಗಪ್ಪಗೌಡರ ಜಗುಲಿ ಹತ್ತುವ ಹಾಗಿರಲಿಲ್ಲ, ಅಂಗಳದ ಅಂಚಿನಲ್ಲೇ ಕೈ ಕಟ್ಟಿ ನಿಲ್ಲಬೇಕು. ಆದರೆ ಚೈತ್ರದ ಒಂದು ಸಂಜೆ ಅದೇ ಪಟೇಲರು ಅವನ ಬಾಯಿ ಯಾವಾಗ ತೆರೆಯುತ್ತದೋ ಎಂದು ಕಾಯುತ್ತಾ ನಿಲ್ಲುತ್ತಿದ್ದರು. ಒಂದು ಸಂಜೆಯ ದೊಡ್ಡಸ್ತಿಕೆ ಕೊಟ್ಟು ವರ್ಷವಿಡೀ ಹೊರಗೆ ನಿಲ್ಲಿಸುವುದು ಯಾವ ಸೀಮೆಯ ನ್ಯಾಯವೋ, ಆ ಮಾತು ಈಗ ಇರಲಿ.

ಸುಗ್ಗಿ ಎಂದರೆ ನೆಲ್ಲಿಬೈಲಿನಲ್ಲಿ ಬರೀ ಕುಣಿದು ಉಣ್ಣುವ ಹಬ್ಬವಲ್ಲ. ಒಂಬತ್ತು ದಿನ ಊರಿಗೆ ಊರೇ ವ್ರತ ಹಿಡಿಯುತ್ತದೆ. ಹಸಿ ಮರಕ್ಕೆ ಕತ್ತಿ ತಾಗಿಸುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಕಾಲಿಗೆ ಚಪ್ಪಲಿ ಮೆಟ್ಟುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟು ಗಡಿಯದು. ಸೀಗೆಹಳ್ಳದ ದಡದ ಗಡಿಕಲ್ಲಿನ ಹತ್ತಿರ ನಿಂತು ಸಾರುವವನು ಮೂರು ಸಲ ಕೂಗುತ್ತಾನೆ. ಮೊದಲ ಕೂಗಿಗೆ ಕೆಲಸ ನಿಲ್ಲುತ್ತದೆ. ಎರಡನೆಯದಕ್ಕೆ ಹೊರಗೆ ಹೋದವರು ಓಡಿ ಬರುತ್ತಾರೆ. ಮೂರನೆಯದು ಬಿತ್ತೆಂದರೆ ಊರು ಮುಚ್ಚಿತು. ಒಂಬತ್ತು ದಿನ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಯಾರಾದರೂ ಹಳ್ಳ ದಾಟಿದರೆ ಆ ವರ್ಷ ಬಿತ್ತಿದ್ದು ಮೊಳೆಯುವುದಿಲ್ಲ, ಕೊಟ್ಟಿಗೆಯ ದನ ಉಳಿಯುವುದಿಲ್ಲ ಎಂದು ಊರಿನವರ ನಂಬಿಕೆ.

ಮೂರನೆಯ ಕೂಗಿಗೆ ಒಂದು ನೇಮವಿತ್ತು. ಹಳ್ಳದ ಆಚೆ ಎತ್ತರದಲ್ಲಿ ಹದ್ದಿನಕಲ್ಲು ಎಂಬ ಬಂಡೆಯಿದೆ. ಊರಿನ ಮೇಲೆ ಗುಡ್ಡದ ನೆರಳು ಬೇಗ ಬೀಳುತ್ತದೆ, ಆದರೆ ಆ ಬಂಡೆಯ ನೆತ್ತಿಯಲ್ಲಿ ಬಿಸಿಲು ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆ ಬಿಸಿಲು ಪೂರ್ತಿ ಆರಿದ ಮೇಲೆಯೇ ಕೂಗಬೇಕು. ಅದನ್ನು ನೋಡುವ ಕಣ್ಣು ಸಾರುವವನದೊಂದೇ. ಉಳಿದವರೆಲ್ಲ ಆ ಹೊತ್ತಿಗೆ ಗಡಿಗೆ ಬೆನ್ನು ಹಾಕಿ ಅಮ್ಮನ ಗುಡಿಯ ಕಡೆ ಮುಖ ಮಾಡಿ ನಿಲ್ಲಬೇಕು, ತಿರುಗಿ ನೋಡಬಾರದು. ಸಾರುವವನು ಹಿಂದಿನ ರಾತ್ರಿಯಿಂದ ಹನಿ ನೀರೂ ಮುಟ್ಟುವಂತಿಲ್ಲ. ಕೂಗು ಮುಗಿದ ಮೇಲೆ ಪಟೇಲರ ಅಂಗಳದಲ್ಲಿ ಊರಿನ ಊಟ, ಅದರಲ್ಲಿ ಮೊದಲ ಎಲೆ ಅವನಿಗೆ. ಈ ಕೆಲಸಕ್ಕೆ ಉಂಬಳಿಯಾಗಿ ಹಳ್ಳದ ಬದಿಯ ಒಂದು ತುಂಡು ಗದ್ದೆ ಅವನ ಅಪ್ಪನ ಕಾಲದಿಂದ ನಡೆದು ಬಂದಿತ್ತು.

ಇಪ್ಪತ್ತನಾಲ್ಕನೆಯ ಇಸವಿಯ ಸುಗ್ಗಿ. ಆ ಬೇಸಗೆಯಲ್ಲಿ ಊರಿಗೆ ಚಳಿಜ್ವರ ಬಡಿದಿತ್ತು, ಮಾರಯ್ಯನೂ ತಿಂಗಳುಗಟ್ಟಲೆ ಗಂಜಿತಿಳಿಯಲ್ಲೇ ಇದ್ದ. ಉಪವಾಸದ ದಿನ ಮಧ್ಯಾಹ್ನಕ್ಕೇ ಕಣ್ಣು ಕತ್ತಲೆ ಬರತೊಡಗಿತು. ಮೊದಲ ಕೂಗು ಹಾಕಿದ, ಎರಡನೆಯದನ್ನೂ ಹಾಕಿದ. ಊರಿನ ಮೇಲೆ ನೆರಳು ಬಿತ್ತು. ಪಟೇಲರ ಅಂಗಳದಲ್ಲಿ ದೊಡ್ಡ ಹಂಡೆಯ ಮುಚ್ಚಳ ತೆಗೆದರು, ಹೊಸ ಅಕ್ಕಿ ಬೆಂದ ವಾಸನೆ ಗಾಳಿಯ ಜೊತೆ ಗಡಿಕಲ್ಲಿನ ತನಕ ಬಂತು. ಮಾರಯ್ಯ ತಲೆಯೆತ್ತಿ ಹದ್ದಿನಕಲ್ಲನ್ನು ನೋಡಿದ. ನೆತ್ತಿಯಲ್ಲಿ ಬಿಸಿಲು ಇನ್ನೂ ಇತ್ತು.

ಅವನು ಬಂಡೆಯಿಂದ ಕಣ್ಣು ತಪ್ಪಿಸಿ ಮೂರನೆಯ ಕೂಗು ಹಾಕಿಬಿಟ್ಟ. ಅಷ್ಟೇ ನಡೆದದ್ದು. ಕಳ್ಳತನವಲ್ಲ, ಕೊಲೆಯಲ್ಲ, ಹಸಿದವನೊಬ್ಬ ಒಂದು ತುತ್ತಿಗಾಗಿ ಸ್ವಲ್ಪ ಮುಂಚೆ ಬಾಯಿ ತೆರೆದ. ಬೆನ್ನು ಹಾಕಿ ನಿಂತವರಿಗೆ ಏನು ಗೊತ್ತಾಗಬೇಕು? ಎಲ್ಲರೂ ಕೈಮುಗಿದು ಊಟದ ಕಡೆ ಹೊರಟರು. ಮಾರಯ್ಯನೂ ಹೆಜ್ಜೆ ಎತ್ತಿದ್ದ.

"ಅಪ್ಪಯ್ಯಾ, ತಡಿ. ಬಂದೆ."

ಹಳ್ಳದ ಆಚೆ, ಕಾಲುದಾರಿಯ ತಿರುವಿನಲ್ಲಿ, ಅವನ ಮಗಳು ದ್ಯಾವಮ್ಮ. ಮಕ್ಕಳೆಂದು ಇದ್ದವಳು ಅವಳೊಬ್ಬಳೇ, ಹಿಂದಿನ ವರ್ಷ ಕಳಸದ ಕಡೆ ಕೊಟ್ಟಿದ್ದರು. ಸುಗ್ಗಿಗೆ ತವರಿಗೆ ಬರುವ ಹೆಣ್ಣುಮಕ್ಕಳ ಹಾಗೆ ತಲೆಯ ಮೇಲೊಂದು ಗಂಟು ಹೊತ್ತು ಎರಡು ದಿನ ನಡೆದು ಬಂದಿದ್ದಳು. ಮೈ ಕಾದಿತ್ತು, ಮುಖ ಕೆಂಪಗಿತ್ತು. ಒಂದು ಕಾಲು ನೀರಿಗೆ ಇಟ್ಟವಳು ಅಪ್ಪ ಕೈ ಅಡ್ಡ ಹಿಡಿದದ್ದು ಕಂಡು ನಿಂತಳು.

"ಕೂಗು ಆಯ್ತು ಮಗಾ," ಅಂದ ಮಾರಯ್ಯ.

ದ್ಯಾವಿ ತಿರುಗಿ ಹದ್ದಿನಕಲ್ಲನ್ನು ನೋಡಿದಳು. ಸಾರುವವನ ಮಗಳಿಗೆ ಆ ನೇಮ ಗೊತ್ತಿರದೆ ಇರುತ್ತದೆಯೇ? "ಇನ್ನೂ ಬೆಳಕಿದೆಯಲ್ಲ ಅಪ್ಪಯ್ಯ," ಅಂದಳು, ನಗುತ್ತಲೇ.

ಒಂದು ಮಾತು ಸಾಕಿತ್ತು. 'ನಾನು ಮುಂಚೆ ಕೂಗಿದೆ, ಈ ಕೂಗು ಕೂಗಲ್ಲ' ಎಂದು ಹೇಳಿದ್ದರೆ ಮಗಳು ಹಳ್ಳ ದಾಟಿ ಬರುತ್ತಿದ್ದಳು. ಉಂಬಳಿ ಗದ್ದೆ ಹೋಗುತ್ತಿತ್ತು, ಬೆನ್ನ ಮೇಲೆ ಬಾರುಕೋಲು ಬೀಳುತ್ತಿತ್ತು, ನಿಜ. ಮಾರಯ್ಯ ಹೇಳಲಿಲ್ಲ. ಒಂಬತ್ತೇ ದಿನ ಅಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆಚೆ ದಡದ ಬಂಡೆಯ ಮೇಲೆ ಏಲಕ್ಕಿ ಕೊಳ್ಳುವ ಯಾಕೂಬ್ ಸಾಬರು ಕೂತಿದ್ದರು. ಕೂಗಿನ ದಿನ ಹಳ್ಳ ದಾಟಬಾರದೆಂದು ತಿಳಿದೇ ಹೇರಿನ ಎತ್ತುಗಳನ್ನು ಅಲ್ಲೇ ಬಿಚ್ಚಿದ್ದರು. "ನೀನು ಹೋಗು ಮಾರಯ್ಯ, ಮಗೂನ ನಾನು ಎಸ್ಟೇಟಿನ ಕೂಲಿಲೈನಿಗೆ ಕರ್ಕೊಂಡು ಹೋಗ್ತೀನಿ," ಅಂದರು. ಮಾರಯ್ಯ ಹೋಗಿ ಮೊದಲ ಎಲೆಯ ಮುಂದೆ ಕೂತ. ಎರಡು ಸಲ ಬಡಿಸಿಕೊಂಡು ಉಂಡ.

ಮರುದಿನ ಅಪ್ಪ, ಅವ್ವ, ಮಗಳು ಹಳ್ಳದ ಎರಡು ದಡದಲ್ಲಿ ಕೂತು ಮಾತಾಡಿದರು. ಎರಡನೆಯ ದಿನ ಅವಳು ಚಳಿಜ್ವರಕ್ಕೆ ಕಂಬಳಿ ಹೊದ್ದು ಬಂದಳು, ಹೆಚ್ಚು ಹೊತ್ತು ಕೂರಲಿಲ್ಲ. ಮೂರನೆಯ ದಿನ ಬರಲಿಲ್ಲ. ಐದನೆಯ ದಿನ ಯಾಕೂಬ್ ಸಾಬರೂ ಲೈನಿನ ನಾಲ್ಕು ಜನರೂ ಚಟ್ಟ ಹೊತ್ತು ಗುಡ್ಡದ ಮಗ್ಗುಲಿಗೆ ಹೋಗುವುದು ಈಚೆಯಿಂದ ಕಂಡಿತು. ಮಾರಯ್ಯನ ಹೆಂಡತಿ ರಂಗಮ್ಮ ನೀರಿನ ಅಂಚಿನ ತನಕ ಓಡಿ ಅಲ್ಲೇ ಕುಸಿದಳು. ಇಬ್ಬರೂ ಹಳ್ಳ ದಾಟಲಿಲ್ಲ. ಒಂಬತ್ತು ದಿನ ಮುಗಿದ ಮೇಲೆ ಹೋಗಿ ಹಸಿ ಮಣ್ಣು ಮುಟ್ಟಿ ಬಂದರು.

ಇಲ್ಲಿಗೆ ಮುಗಿದಿದ್ದರೆ ಹೇಗೋ ಆಗುತ್ತಿತ್ತು. ಮುಗಿಯಲಿಲ್ಲ. ಮರುವರ್ಷ ಮಾರಯ್ಯ ಬಿಸಿಲು ಪೂರ್ತಿ ಆರುವ ತನಕ ಕಾದು, ಇನ್ನೂ ಸ್ವಲ್ಪ ಹೆಚ್ಚೇ ಕಾದು ಮೂರನೆಯ ಕೂಗು ಹಾಕಿದ. ಅದು ಗುಡ್ಡಕ್ಕೆ ಬಡಿದು ಅಡಗುತ್ತಿದ್ದ ಹಾಗೆಯೇ ಆಚೆ ದಡದಿಂದ ಸ್ಪಷ್ಟವಾಗಿ ಕೇಳಿತು: "ಅಪ್ಪಯ್ಯಾ, ತಡಿ." ತಿರುವಿನಲ್ಲಿ ಯಾರೂ ಇರಲಿಲ್ಲ. ಉಳಿದವರಿಗೆ ಏನೂ ಕೇಳಿಸಿರಲಿಲ್ಲ. ಅದರ ಮುಂದಿನ ವರ್ಷವೂ ಅಷ್ಟೇ. ಆಮೇಲಾಮೇಲೆ ಸುಗ್ಗಿಯೇ ಬೇಕಾಗಲಿಲ್ಲ. ಅನ್ನದ ತಟ್ಟೆ ಮುಂದೆ ಬಂದರೆ ಸಾಕು, ತುತ್ತು ಎತ್ತುವಾಗ ಕಿವಿಯ ಹತ್ತಿರ ಅದೇ ನಗು ಬೆರೆತ ಮಾತು, "ಇನ್ನೂ ಬೆಳಕಿದೆಯಲ್ಲ." ಮೊದಲ ಎಲೆಯ ಊಟವನ್ನು ಅವನು ಉಂಡಂತೆ ಮಾಡಿ ಪಂಚೆಯಲ್ಲಿ ಕಟ್ಟಿ ತಂದು ನಾಯಿಗೆ ಹಾಕುತ್ತಿದ್ದ. ಆಳು ಒಣಗಿ ಕಡ್ಡಿಯಾದ. ಗಾಳಿ ಸೋಕಿದೆ ಎಂದು ರಂಗಮ್ಮ ಹೊರನಾಡಿಗೆ ಹರಕೆ ಹೊತ್ತಳು, ತಾಯಿತ ಕಟ್ಟಿಸಿದಳು. ತಾಯಿತಕ್ಕೆ ಹೆದರುವ ದನಿ ಅದಲ್ಲವಲ್ಲ.

ದನಿಗಿಂತ ಹೆಚ್ಚು ಸುಟ್ಟದ್ದು ಊರಿನ ಬಾಯಿ. ಹೆಣ್ಣುಮಕ್ಕಳು ಗದ್ದೆಯಿಂದ ಬರುವುದು ತಡವಾದರೆ, ನೀರಿಗೆ ಹೋದವಳು ಮಾತಾಡುತ್ತ ನಿಂತರೆ, "ಮಾರಯ್ಯನ ದ್ಯಾವಿ ಹಂಗೆ ತಡ ಮಾಡಿ ಸಾಯ್ಬೇಡ," ಎಂದು ಬೈಯುವುದು ರೂಢಿಯಾಯಿತು. ಅವಳನ್ನು ಕಂಡೇ ಇರದ ಹುಡುಗಿಯರಿಗೂ ಅವಳ ಹೆಸರು ಗೊತ್ತು, ತಡ ಮಾಡಿದವಳು ಎಂದು. ರಂಗಮ್ಮನೇ ಎಷ್ಟೋ ಸಲ ಒಲೆಯ ಮುಂದೆ ಕೂತು, "ಒಂದು ಗಳಿಗೆ ಮುಂಚೆ ಹೊರಟಿದ್ರೆ ಆ ಪಾಪಿಗೆ ಏನಾಗ್ತಿತ್ತು," ಎಂದು ಮಗಳನ್ನೇ ಬೈದು ಅಳುತ್ತಿದ್ದಳು. ಮಾರಯ್ಯ ಕೇಳಿಸಿಕೊಂಡು ಸುಮ್ಮನಿರುತ್ತಿದ್ದ. ಹೀಗೆ ಇಪ್ಪತ್ತೆರಡು ವರ್ಷ.

ನಲವತ್ತಾರನೆಯ ಇಸವಿ. ಮಾರಯ್ಯನ ಗಂಟಲು ಬಿದ್ದುಹೋಗಿತ್ತು. ಅವನು ಸಾರುವ ಕೊನೆಯ ಸುಗ್ಗಿ ಇದೇ, ಮುಂದಿನ ವರ್ಷದಿಂದ ಅವನ ತಮ್ಮನ ಮಗ ಕೂಗಲಿ ಎಂದು ಪಟೇಲರು ಹೇಳಿದ್ದರು. ಸುಗ್ಗಿಗೆ ಎಂಟು ದಿನ ಇರುವಾಗ ಯಾಕೂಬ್ ಸಾಬರು ಬಂದರು. ಗಡ್ಡ ಹತ್ತಿಯಾಗಿತ್ತು, ಎತ್ತಿನ ಹಿಂದೆ ನಡೆಯಲು ಕೋಲು ಬೇಕಾಗಿತ್ತು. ಅವರನ್ನು ಗದ್ದೆಯ ಬದುವಿನಲ್ಲಿ ಕೂರಿಸಿ ಮಾರಯ್ಯ ಅಷ್ಟು ವರ್ಷ ನುಂಗಿಕೊಂಡದ್ದನ್ನು ಕೇಳಿದ.

"ಸಾಬ್ರೇ, ಆ ವರ್ಷ ಸುಗ್ಗಿ ಹೊತ್ತಿಗೇ ನಿಮ್ದು ರಂಜಾನು. ನೀವೂ ಉಪವಾಸ ಇದ್ರಿ. ಆ ಸಂಜೆ ಯಾವಾಗ ಬಿಟ್ರಿ?"

ಸಾಬರು ಕೋಲನ್ನು ಬದುವಿಗೆ ಒರಗಿಸಿದರು. "ಖರ್ಜೂರ ಕೈಯಲ್ಲೇ ಇತ್ತು," ಅಂದರು ಆಮೇಲೆ. "ನೀನು ಕೂಗಿದೆ. ನಾನು ಮೇಲೆ ನೋಡಿದೆ, ಬಿಸಿಲಿತ್ತು. ಒಂದು ಸಲ ಎಲೆಯಡಿಕೆ ಹಾಕಿ ಉಗಿಯುವಷ್ಟು ಹೊತ್ತು ಕಾದೆ. ಆಮೇಲೆ ಬಾಯಿಗೆ ಹಾಕಿದೆ."

"ಯಾರಿಗೂ ಹೇಳ್ಲಿಲ್ಲ ನೀವು."

"ನಿನ್ ಮಗಳು ಬೇಡ ಅಂದ್ಲು. ಕೊನೇ ದಿನ ಕೇಳಿದ್ಲು, ಸಾಬ್ರೇ, ನಾನು ತಡ ಮಾಡಿದ್ನಾ ಅಂತ. ಇಲ್ಲ ಮಗಾ ಅಂದೆ. ಹಂಗಾರೆ ಯಾರ ಹತ್ರಾನೂ ಹೇಳ್ಬೇಡಿ, ಅಪ್ಪಯ್ಯನ ಗದ್ದೆ ಹೋಗುತ್ತೆ ಅಂದ್ಲು."

ಮಾರಯ್ಯ ಬದುವಿನ ಹುಲ್ಲನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ಅಳು ಬರಲಿಲ್ಲ. ಎದುರಿಗೇ ಆ ಗದ್ದೆ ಇತ್ತು, ಅದರ ಅಕ್ಕಿಯನ್ನೇ ಅವನು ಇಷ್ಟು ವರ್ಷ ಉಂಡಿದ್ದ.

ಸುಗ್ಗಿಯ ಸಂಜೆ ಆಕಾಶ ತಿಳಿಯಾಗಿತ್ತು. ಒಡೆದ ದನಿಯಲ್ಲೇ ಮೊದಲೆರಡು ಕೂಗು ಹಾಕಿದ. ಊರು ಬಂದು ಗಡಿಗೆ ಬೆನ್ನು ಹಾಕಿ ನಿಂತಿತು: ಪಟೇಲರು, ಅವರ ಹಿಂದೆ ಗಂಡಸರು, ದೂರದ ಅಂಚಿನಲ್ಲಿ ರಂಗಮ್ಮ. ಅಂಗಳದಲ್ಲಿ ಹಂಡೆಯ ಮುಚ್ಚಳ ತೆಗೆದ ವಾಸನೆ ಬಂತು. ಮಾರಯ್ಯ ಹದ್ದಿನಕಲ್ಲಿನ ಮೇಲೆ ಕಣ್ಣು ನೆಟ್ಟು ನಿಂತ. ಬಿಸಿಲು ಬಂಡೆಯ ಸೊಂಟದಿಂದ ಹೆಗಲಿಗೆ, ಹೆಗಲಿಂದ ನೆತ್ತಿಗೆ ಏರಿತು. ಆಗ ಈ ಸಲ ಕೂಗಿಗೆ ಮುಂಚೆಯೇ ಕೇಳಿತು, ನೀರಿನ ಆಚೆಯಿಂದ: "ಅಪ್ಪಯ್ಯಾ, ತಡಿ."

"ತಡೆದಿದೀನಿ ಮಗಾ," ಎಂದು ಅವನು ಮೆಲ್ಲಗೆ ಹೇಳಿ, ಗಡಿಕಲ್ಲು ಬಿಟ್ಟು ಹಳ್ಳಕ್ಕೆ ಇಳಿದ. ಮೊಣಕಾಲಿನ ತನಕ ನೀರು. ಯಾರೂ ತಿರುಗಿ ನೋಡುವಂತಿರಲಿಲ್ಲ, ನೋಡಲೂ ಇಲ್ಲ. ಆಚೆ ದಡ ಹತ್ತಿ, ಆವತ್ತು ದ್ಯಾವಿ ಕಾಲಿಟ್ಟ ಜಾಗದಲ್ಲಿ ಊರಿನ ಕಡೆ ಮುಖ ಮಾಡಿ ನಿಂತ. ಬಂಡೆಯ ನೆತ್ತಿಯ ಕೊನೆಯ ಬಿಸಿಲು ಆರಿತು. ಮಾರಯ್ಯ ಮೂರನೆಯ ಕೂಗು ಹಾಕಿದ.

ದನಿ ಬಂದ ದಿಕ್ಕು ಬೇರೆಯಾದ್ದರಿಂದ ಜನ ತಬ್ಬಿಬ್ಬಾಗಿ ತಿರುಗಿದರು. ಗಡಿಕಲ್ಲಿನ ಹತ್ತಿರ ಯಾರೂ ಇಲ್ಲ. ಸಾರುವವನು ಹೊರಗೆ, ಊರು ಮುಚ್ಚಿದೆ.

"ಏನೋ ಇದು ಮಾರಯ್ಯ? ತಲೆ ಕೆಟ್ಟಿತೇನೋ?" ಅಂದರು ಪಟೇಲರು.

"ಇಲ್ಲ ಗೌಡ್ರೇ. ಕೂಗು ಸರಿಯಾದ ಹೊತ್ತಿಗೇ ಬಿದ್ದಿದೆ, ಊರಿಗೆ ಏನೂ ಆಗಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಬಿದ್ದದ್ದು ಸರಿ ಇರ್ಲಿಲ್ಲ. ಕಲ್ಲಿನ ಮೇಲೆ ಬಿಸಿಲಿತ್ತು. ಹಸಿವು ತಡೀಲಾರದೆ ನಾನು ಮುಂಚೆ ಕೂಗಿದೆ. ನನ್ ಮಗಳು ತಡ ಮಾಡಿರ್ಲಿಲ್ಲ. ಇನ್ಮೇಲೆ ಆ ಮಾತು ಯಾರೂ ಆಡ್ಬೇಡಿ. ಗದ್ದೆ ನೀವೇ ತಗೊಳ್ಳಿ."

ಗುಂಪಿನ ಅಂಚಿನಿಂದ ರಂಗಮ್ಮ ಮುಂದೆ ಬಂದಳು. ಪಟೇಲರನ್ನು ದಾಟಿ, ಗಂಡಸರನ್ನು ದಾಟಿ, ನೀರಿನ ಅಂಚಿಗೆ ಬಂದು ನಿಂತಳು.

"ಆವತ್ತು ಉಣ್ಣಕ್ಕೆ ಕೂತಾಗ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಎಲ್ಡು ಸಲ ಹಾಕಿಸ್ಕಂಡೆ."

"ಹೂಂ."

ರಂಗಮ್ಮ ಅವನನ್ನೇ ನೋಡಿದಳು. "ಒಂಬತ್ತು ದಿನ ಅಲ್ಲೇ ಇರು. ಅವ್ಳೂ ಅಲ್ಲೇ ಇದ್ಲು," ಅಂದಳು. ಆಮೇಲೆ ಪಟೇಲರ ಕಡೆ ತಿರುಗಿದಳು. "ಮೊದಲ ಎಲೆ ಹಾಕ್ಸಿ ಗೌಡ್ರೇ. ನನ್ ಮಗಳಿಗೆ. ಹೊತ್ತಿಗೆ ಸರಿಯಾಗಿ ಬಂದಿದ್ಲು ಅವ್ಳು."

ಪಟೇಲರು ಅಂಗಳದ ಕಡೆ ಕೈಸನ್ನೆ ಮಾಡಿದರು. ಅಂಗಳದ ನಡುವೆ ಮೊದಲ ಎಲೆ ಹಾಕಿದರು. ರಂಗಮ್ಮ ತನ್ನ ಕೈಯಾರೆ ಅನ್ನ ಬಡಿಸಿ, ಬೆಲ್ಲ ಇಟ್ಟು, ಕಾಯಿಹಾಲು ಸುರಿದು, ಒಂದು ಲೋಟ ನೀರು ಇಟ್ಟು ಎಲೆಯ ಎದುರಿಗೆ ಕೂತಳು. ಊರು ಅವಳ ಹಿಂದೆ ನಿಂತಿತ್ತು, ಒಬ್ಬರೂ ಪಂಕ್ತಿಗೆ ಕೂರಲಿಲ್ಲ. ಹಳ್ಳದ ಆಚೆ ಕಾಲುದಾರಿಯ ತಿರುವಿನಲ್ಲಿ ಮಾರಯ್ಯ, ಹಿಂದಿನ ರಾತ್ರಿಯಿಂದ ಹನಿ ನೀರೂ ಮುಟ್ಟದವನು, ಆ ಎಲೆಯನ್ನೇ ನೋಡುತ್ತಾ ಕೂತಿದ್ದ. ಬಹಳ ವರ್ಷಗಳ ಮೇಲೆ ಅವನಿಗೆ ಹಸಿವಾಗಿತ್ತು.